ಮನೆ ಕೆಲಸಕ್ಕೆ ಪುಟ್ಟ ಬ್ಯಾಟರಿ ಡ್ರಿಲ್: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇವೆ. ಪುಟ್ಟ ಡ್ರಿಲ್ ಎಂದರೆ ಒಂದೇ ಕೈಯಲ್ಲಿ ಹಿಡಿಯಬಹುದಾದ, 10 ಎಂಎಂ ಚಕ್ (ಬಿಟ್ಟನ್ನು, ಅಂದರೆ ಕೊರೆಯುವ ಅಥವಾ ಸ್ಕ್ರೂ ತಿರುಗಿಸುವ ತುದಿಯನ್ನು, ಕಚ್ಚಿ ಹಿಡಿಯುವ ಬಾಯಿ) ಇರುವ, 12 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್. ನಮ್ಮ ಸೀಮೆಯಲ್ಲಿ ಒಂದೇ ಬೀದಿಯಲ್ಲಿ ಮಣ್ಣಿನ ಗೋಡೆ, ಸೈಜುಗಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕು ಎಲ್ಲವೂ ಸಿಗುತ್ತವೆ. ಡ್ರಿಲ್ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಗೋಡೆ ಯಾವುದೆಂದು ನೋಡದೆ ಕೊರೆದದ್ದರಿಂದ ಆದವು. ಹಾಗಾಗಿ ಗೋಡೆಯ ಭಾಗವೇ ಇಲ್ಲಿ ಉದ್ದವಾಗಿದೆ.

## ಕೊಳ್ಳುವ ಮೊದಲು

ವರ್ಷಕ್ಕೆ ನಾಲ್ಕು ತೂತು ಹಾಕೋದು ಅಷ್ಟೆ. ಇದು ತಗೊಳ್ಳೋದು ದಂಡ ಅಲ್ವಾ?

ಗೋಡೆಗೆ ತೂತು ಹಾಕುವುದೊಂದೇ ಕೆಲಸವಾದರೆ ಬೇಡ. ಎಲೆಕ್ಟ್ರಿಷಿಯನ್ನನ್ನು ಕರೆಸಿ. ಇಲ್ಲವೇ ವೈರಿನ 500–600 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ ತನ್ನಿ. ಅದರ ಬೆಲೆ ಕಡಿಮೆ, ಗೋಡೆಗೆ ಬಲ ಹೆಚ್ಚು, ಹತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದರೂ ಕೆಡುವ ಬ್ಯಾಟರಿ ಇಲ್ಲ.

ಬ್ಯಾಟರಿ ಡ್ರಿಲ್ಲಿನ ನಿಜವಾದ ಕೆಲಸ ಸ್ಕ್ರೂ ತಿರುಗಿಸುವುದು. ಸಡಿಲವಾದ ಬಾಗಿಲ ಹಿಂಜ್, ಅಡುಗೆಮನೆ ಡ್ರಾಯರ್, ಸೊಳ್ಳೆ ಪರದೆಯ ಚೌಕಟ್ಟು, ಬಿಡಿಭಾಗಗಳಾಗಿ ಬರುವ ಮಂಚ, ಕಪಾಟು, ಚಿಲಕ ಇವೆಲ್ಲ ಸ್ಕ್ರೂ ಕೆಲಸವೇ. ತಿಂಗಳಿಗೊಮ್ಮೆಯಾದರೂ ಇಂಥದ್ದು ಎದುರಾಗುವ ಮನೆಗೆ ಇದು ಖಂಡಿತ ದಂಡವಲ್ಲ.

12 ವೋಲ್ಟ್ ಸಾಕಾಗ್ತದಾ, 18 ವೋಲ್ಟೇ ಬೇಕಾ?

ಮನೆಗೆ 12 ಸಾಕು. ಬ್ಯಾಟರಿ ಸೇರಿ ಸುಮಾರು 1 ಕಿಲೋ ತೂಕ, ತಿರುಗುಬಲ 30 ನ್ಯೂಟನ್ ಮೀಟರ್ ಆಸುಪಾಸು. ಮರಕ್ಕೆ 50 ಎಂಎಂ ಸ್ಕ್ರೂ ಇಳಿಸಲು, ಇಟ್ಟಿಗೆಗೆ 6 ಅಥವಾ 8 ಎಂಎಂ ತೂತು ಹಾಕಲು ಇಷ್ಟು ಸಾಲುತ್ತದೆ. ತಲೆಯ ಮೇಲೆ ಕೈ ಎತ್ತಿ ಕೆಲಸ ಮಾಡುವಾಗ ತೂಕ ಕಡಿಮೆ ಇರುವುದರ ಸುಖ ಗೊತ್ತಾಗುತ್ತದೆ.

18 ವೋಲ್ಟಿನದು ಅರ್ಧ ಕಿಲೋ ಹೆಚ್ಚು ತೂಗುತ್ತದೆ, ಬಲವೂ ಒಂದೂವರೆ ಪಟ್ಟಿಗಿಂತ ಮೇಲೆ. ತೋಟದ ಮನೆ, ದನದ ಕೊಟ್ಟಿಗೆ, ಶೆಡ್ಡು ಎಂದು ಕೆಲಸ ಇರುವವರು, ಮುಂದೆ ಅದೇ ಬ್ಯಾಟರಿಗೆ ಗ್ರೈಂಡರ್ರು, ಗರಗಸ ಸೇರಿಸುವವರು ಇದನ್ನೇ ಕೊಳ್ಳಲಿ. ಡಬ್ಬಿಯ ಮೇಲೆ '20 ವೋಲ್ಟ್ ಮ್ಯಾಕ್ಸ್' ಎಂದಿದ್ದರೆ ಅದೂ 18 ವೋಲ್ಟೇ. ಒಳಗೆ 5 ಲಿಥಿಯಂ ಸೆಲ್ ಸಾಲಾಗಿರುತ್ತವೆ. ತುಂಬಿದಾಗಿನ ಅಳತೆಯನ್ನು ಒಬ್ಬರು ಬರೆಯುತ್ತಾರೆ, ಸಾಧಾರಣ ಅಳತೆಯನ್ನು ಇನ್ನೊಬ್ಬರು ಬರೆಯುತ್ತಾರೆ, ಅಷ್ಟೆ. 12 ವೋಲ್ಟಿನದರಲ್ಲಿ ಇರುವುದು 3 ಸೆಲ್, ಸಾಧಾರಣ ಅಳತೆ 10.8.

ಆನ್‌ಲೈನ್‌ನಲ್ಲಿ 48 ವೋಲ್ಟ್, 88 ವೋಲ್ಟ್ ಅಂತ ಕಡಿಮೆ ರೇಟಿಗೆ ಬರ್ತಾವಲ್ಲ, ಅವು ಭಾರಿ ಜೋರಾ?

ಅಲ್ಲ. ಆ ಸಂಖ್ಯೆ ಬ್ಯಾಟರಿಯ ವೋಲ್ಟೇಜೇ ಅಲ್ಲ, ಬರೀ ಅಂಟಿಸಿದ ಹೆಸರು. ನಿಜ ತಿಳಿಯಬೇಕಾದರೆ ಚಾರ್ಜರಿನ ಚೀಟಿ ಓದಿ. ಔಟ್‌ಪುಟ್ 12.6 ವೋಲ್ಟ್ ಎಂದಿದ್ದರೆ ಒಳಗೆ 3 ಸೆಲ್, 21 ವೋಲ್ಟ್ ಎಂದಿದ್ದರೆ 5 ಸೆಲ್. ಒಂದೊಂದು ಲಿಥಿಯಂ ಸೆಲ್ ತುಂಬುವುದು 4.2 ವೋಲ್ಟಿಗೆ. '48' ಎಂದು ಬರೆದ ಪೆಟ್ಟಿಗೆಯ ಚಾರ್ಜರ್ 21 ತೋರಿಸುತ್ತಿದ್ದರೆ ನಿಮ್ಮ ಕೈಯಲ್ಲಿರುವುದು 18 ವೋಲ್ಟಿನ ಡ್ರಿಲ್. ಮರದ ಕೆಲಸಕ್ಕೆ ಅದು ನಡೆದೀತು. ಆದರೆ ಎರಡು ವರ್ಷ ಬಿಟ್ಟು ಬ್ಯಾಟರಿ ಕೆಟ್ಟರೆ ಅದಕ್ಕೆ ಕೂರುವ ಬ್ಯಾಟರಿ ಸಿಗುವುದು ಕಷ್ಟ. ಸುಳ್ಳು ಸಂಖ್ಯೆ ಬರೆದವರು ಸೆಲ್ಲಿನ ಗುಣದಲ್ಲಿ ನಿಜ ಹೇಳಿದ್ದಾರೆಂದು ನಂಬಲು ಕಾರಣವೂ ಇಲ್ಲ.

ಇಂಪ್ಯಾಕ್ಟ್ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್, ಹ್ಯಾಮರ್ ಡ್ರಿಲ್: ಮೂರೂ ಒಂದೇನಾ?

ಮೂರೂ ಬೇರೆ. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಜಾರುತ್ತಾ ಬಿಟ್ಟನ್ನು ಮುಂದಕ್ಕೆ ಸಣ್ಣಗೆ ಕುಟ್ಟುತ್ತವೆ. ನಿಮಿಷಕ್ಕೆ ಪೆಟ್ಟು ಸಾವಿರಗಟ್ಟಲೆ, ಆದರೆ ಪೆಟ್ಟಿನ ತೂಕ ಕಡಿಮೆ. ಇಟ್ಟಿಗೆಗೆ, ಬ್ಲಾಕಿಗೆ ಇದು ಸಾಕು. ಇಂಪ್ಯಾಕ್ಟ್ ಡ್ರೈವರ್ ತಿರುಗುವ ದಿಕ್ಕಿನಲ್ಲಿ ಪೆಟ್ಟು ಕೊಡುತ್ತದೆ. ಅದು ಉದ್ದ ಸ್ಕ್ರೂ ಮತ್ತು ಬೋಲ್ಟಿಗೆ, ಗೋಡೆ ಕೊರೆಯಲಲ್ಲ. ಮೂರನೆಯದು, ಹ್ಯಾಮರ್ ಡ್ರಿಲ್ ಎಂದು ಕೇಳುವುದು, ಎಸ್‌ಡಿಎಸ್ (ಬಿಟ್ಟನ್ನು ಬಿಗಿಸದೆ ತಳ್ಳಿ ಕೂರಿಸುವ ಬಗೆಯ) ರೋಟರಿ ಹ್ಯಾಮರ್. ಒಳಗಿನ ಪಿಸ್ಟನ್ ಗಾಳಿಯ ಒತ್ತಡದಿಂದ ಹೊಡೆಯುತ್ತದೆ. ಕಾಂಕ್ರೀಟಿಗೂ ಕಲ್ಲಿಗೂ ಇದೇ ಬೇಕು.

ಮನೆಗೆ ಕೊಳ್ಳುವಾಗ ಚಕ್ಕಿನ ಹಿಂದಿರುವ ಉಂಗುರದ ಮೇಲೆ ಸ್ಕ್ರೂ, ಡ್ರಿಲ್, ಸುತ್ತಿಗೆ ಮೂರೂ ಗುರುತು ಇರುವ ಮಾದರಿ ಕೇಳಿ. ಸುತ್ತಿಗೆ ಗುರುತಿಲ್ಲದ ಡ್ರಿಲ್ ಗೋಡೆಯ ಗಿಲಾವು ದಾಟಿದ ಮೇಲೆ ತಿಣುಕುತ್ತದೆ.

ಬ್ರಷ್‌ಲೆಸ್‌ಗೆ ಜಾಸ್ತಿ ದುಡ್ಡು ಕೊಡಬೇಕಾ?

ದಿನವೂ ಬಳಸುವ ಬಡಗಿಗೆ ಕೊಡಲೇಬೇಕು. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ಷೇ ಅದರಲ್ಲಿ ಇಲ್ಲ, ಸವೆಯುವ ಮಾತಿಲ್ಲ, ಒಂದು ಚಾರ್ಜಿನಲ್ಲಿ ಕೆಲಸವೂ ಹೆಚ್ಚು ಸಾಗುತ್ತದೆ. ಮನೆ ಬಳಕೆಯವರು ಆ ವ್ಯತ್ಯಾಸದ ಹಣದಲ್ಲಿ ಎರಡನೇ ಬ್ಯಾಟರಿ ಕೊಂಡರೆ ಹೆಚ್ಚು ಉಪಯೋಗ.

ಮಗ ಅಮೆರಿಕದಿಂದ ಡ್ರಿಲ್ ತಂದಾನೆ. ಇಲ್ಲಿ ಪ್ಲಗ್ಗಿಗೆ ಹಾಕಿದ್ರೆ ಏನೂ ಆಗಲ್ವಾ?

ಹಾಕುವ ಮೊದಲು ಚಾರ್ಜರಿನ ಇನ್‌ಪುಟ್ ಓದಿ. 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಾಯಿಸುವ ಅಡಾಪ್ಟರ್ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ. ಅಲ್ಲಿಯ ಡ್ರಿಲ್ ಚಾರ್ಜರುಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು. ಅದೇ ಕಂಪನಿಯ, ಅದೇ ಬ್ಯಾಟರಿಗೆ ಹೊಂದುವ ಚಾರ್ಜರನ್ನು ಇಲ್ಲೇ ಕೊಳ್ಳುವುದು ಒಳ್ಳೆಯ ದಾರಿ. ಬಾಷ್, ಮಕೀಟಾ, ಡಿವಾಲ್ಟ್ ಇವುಗಳ ಬ್ಯಾಟರಿ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ನೆನಪಿರಲಿ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಿ.

ಡ್ರಿಲ್ ಜೊತೆ ಇನ್ನೇನು ತರಬೇಕು? ನೂರು ಪೀಸಿನ ಸೆಟ್ ತಗೊಳ್ಳಲಾ?

ನೂರು ಪೀಸಿನ ಅಗ್ಗದ ಸೆಟ್ ಬೇಡ. ಅದರಲ್ಲಿ ನಿಮಗೆ ಬೇಕಾಗುವುದು ಹತ್ತು, ಆ ಹತ್ತೂ ಮೆತ್ತಗಿನ ಉಕ್ಕಿನವು. ಬಿಡಿಯಾಗಿ ಕೊಳ್ಳಿ: ಗೋಡೆಗೆ ಕಾರ್ಬೈಡ್ ತುದಿಯ ಮೇಸನ್ರಿ ಬಿಟ್ 6 ಎಂಎಂನವು ಎರಡು, 8 ಎಂಎಂನದು ಒಂದು. ಮರ ಮತ್ತು ಲೋಹಕ್ಕೆ ಎಚ್‌ಎಸ್‌ಎಸ್ (ಗಡಸು ಉಕ್ಕಿನ) ಬಿಟ್ 2.5, 3, 4, 5, 6 ಎಂಎಂ. ಸ್ಕ್ರೂಗೆ ಪಿಎಚ್ 2 (ಪ್ಲಸ್ ತಲೆಯ ಒಂದು ಅಳತೆ) ಬಿಟ್ ಐದಾರು, ಒಂದು ಅಯಸ್ಕಾಂತದ ಹೋಲ್ಡರ್. ಇವುಗಳ ಜೊತೆ ಗೋಡೆ ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ 6 ಮತ್ತು 8 ಎಂಎಂ ಪ್ಲಾಸ್ಟಿಕ್ ಪ್ಲಗ್, ಲೋಹದಲ್ಲಿ ಗುಳಿ ಹಾಕಲು ಒಂದು ಸೆಂಟರ್ ಪಂಚ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್.

ಸ್ಕ್ರೂ ಕೇಳುವಾಗ ಅಂಗಡಿಯವರು '35–8' ಎನ್ನುತ್ತಾರೆ: ಉದ್ದ 35 ಎಂಎಂ, ದಪ್ಪ 8 ನಂಬರ್. 8 ನಂಬರ್ ಎಂದರೆ ಸುಮಾರು 4 ಎಂಎಂ, 10 ನಂಬರ್ ಎಂದರೆ 5 ಎಂಎಂಗೆ ತುಸು ಕಡಿಮೆ. ಕೊಳ್ಳುವ ದಿನವೇ ಜಿಎಸ್‌ಟಿ ಬಿಲ್ ಪಡೆದು, ಸರ್ವಿಸ್ ಸೆಂಟರ್ ಊರಲ್ಲೇ ಇದೆಯೋ, ಬೆಂಗಳೂರಿಗೆ ಕಳಿಸಬೇಕೋ ಎಂದು ವಿಚಾರಿಸಿ.

## ಕೈಗೆ ಬಂದ ಮೇಲೆ

ಮುಂದಿನ ಉಂಗುರದ ಮೇಲೆ 1ರಿಂದ 20 ನಂಬರ್ ಐತಲ್ಲ, ಅದು ಸ್ಪೀಡಾ?

ಅದು ವೇಗವಲ್ಲ, ಕ್ಲಚ್ಚು. ಎಷ್ಟು ಬಲಕ್ಕೆ ಬಿಟ್ಟು ತಿರುಗುವುದನ್ನು ನಿಲ್ಲಿಸಬೇಕು ಎಂಬ ಮಿತಿ. ಆ ಬಲ ಮುಟ್ಟಿದೊಡನೆ ಕಟಕಟ ಸದ್ದು ಬಂದು ಸ್ಕ್ರೂ ನಿಲ್ಲುತ್ತದೆ. ಆ ಸದ್ದು ಕೆಟ್ಟದ್ದರ ಗುರುತೆಂದು ಅಂಗಡಿಗೆ ವಾಪಸ್ ತಂದವರಿದ್ದಾರೆ. ಅದು ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು.

ಹೊಸ ಕೆಲಸಕ್ಕೆ 4 ಅಥವಾ 5ರಿಂದ ಶುರುಮಾಡಿ. ಸ್ಕ್ರೂ ತಲೆ ಮರದ ಮಟ್ಟಕ್ಕೆ ಬರುವ ಮೊದಲೇ ಕಟಕಟ ಎಂದರೆ ಎರಡೆರಡು ಅಂಕ ಏರಿಸಿ. ಸ್ವಿಚ್‌ಬೋರ್ಡಿನ ಪ್ಲಾಸ್ಟಿಕ್ ಪ್ಲೇಟಿಗೆ 1 ಅಥವಾ 2, ಅದಕ್ಕೂ ಮೊದಲು ಮೇನ್ ಆಫ್. ತೂತು ಕೊರೆಯುವಾಗ ಮಾತ್ರ ಉಂಗುರವನ್ನು ಡ್ರಿಲ್ ಗುರುತಿಗೆ ತಿರುಗಿಸಿ. ಸ್ಕ್ರೂ ಕೆಲಸದಲ್ಲಿ ಆ ಗುರುತಿನಲ್ಲೇ ಬಿಟ್ಟರೆ ತಲೆ ಮುರಿಯುತ್ತದೆ, ಪ್ಲೈವುಡ್ ಹರಿಯುತ್ತದೆ.

ಮೇಲಿರೋ 1–2 ಗುಂಡಿ ಯಾವಾಗ ಯಾವುದು?

ಅದು ಗೇರು. 1ರಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು, ಬಲ ಹೆಚ್ಚು: ಸ್ಕ್ರೂಗೆ, ದಪ್ಪ ಬಿಟ್ಟಿಗೆ, ಸ್ಟೀಲಿಗೆ. 2ರಲ್ಲಿ 1300–1500 ಸುತ್ತು, ಬಲ ಕಡಿಮೆ: ಮರದಲ್ಲಿ ಸಣ್ಣ ತೂತಿಗೆ, ಇಟ್ಟಿಗೆಗೆ. ಮೋಟಾರ್ ತಿರುಗುತ್ತಿರುವಾಗ ಗುಂಡಿ ಸರಿಸಬೇಡಿ, ಒಳಗಿನ ಹಲ್ಲು ಮುರಿಯುತ್ತದೆ. ಗುಂಡಿ ಸರಿಯದಿದ್ದರೆ ಚಕ್ಕನ್ನು ಕೈಯಲ್ಲಿ ತುಸು ತಿರುಗಿಸಿ ಮತ್ತೆ ತಳ್ಳಿ.

ಸ್ಕ್ರೂ ತಲೆ ಕೆತ್ತಿ ಹೋಗ್ತದೆ. ಬಿಟ್ ಸರಿ ಇಲ್ವಾ, ನನ್ನ ಕೈ ಸರಿ ಇಲ್ವಾ?

ಬಹಳ ಸಲ ಅಳತೆಯದೇ ತಪ್ಪು. 6ರಿಂದ 10 ನಂಬರಿನ ಪ್ಲಸ್ ಸ್ಕ್ರೂಗಳಿಗೆ ಪಿಎಚ್ 2, ಅದಕ್ಕಿಂತ ಸಣ್ಣವಕ್ಕೆ ಪಿಎಚ್ 1. ಸ್ಕ್ರೂ ತಲೆಯ ಪ್ಲಸ್ ಗೆರೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ ಕಂಡರೆ ಅದು ಪೊಜಿ ತಲೆ, ಅದಕ್ಕೆ ಪಿಜೆಡ್ 2. ಬಿಟ್ಟು ಸ್ಕ್ರೂ ತಲೆಯ ಗುಳಿಯೊಳಗೆ ಅಲ್ಲಾಡದೆ ಕೂರಬೇಕು. ಡ್ರಿಲ್ಲು ಸ್ಕ್ರೂವಿನ ನೇರಕ್ಕೇ ಇರಲಿ, ಹಿಂದಿನಿಂದ ಅಂಗೈಯ ಒತ್ತು ಇರಲಿ, ಟ್ರಿಗರ್ ಮೆಲ್ಲಗೆ ಒತ್ತಿ. ತುದಿ ಸವೆದು ಹೊಳೆಯುವ ಬಿಟ್ಟನ್ನು ಎಸೆಯಿರಿ. ಸವೆದ ಒಂದು ಬಿಟ್ಟು ಹತ್ತಾರು ಸ್ಕ್ರೂ ಹಾಳುಮಾಡುತ್ತದೆ.

ಕೆತ್ತಿಹೋದ ಸ್ಕ್ರೂ ತೆಗೆಯಲು ಅಗಲ ರಬ್ಬರ್ ಬ್ಯಾಂಡನ್ನು ತಲೆಯ ಮೇಲಿಟ್ಟು, ಬಿಟ್ಟನ್ನು ಬಲವಾಗಿ ಒತ್ತಿ, 1ನೇ ಗೇರಿನಲ್ಲಿ ಹಿಂದಕ್ಕೆ ತಿರುಗಿಸಿ. ಬಾರದಿದ್ದರೆ ಬಿಟ್ಟನ್ನು ಡ್ರಿಲ್ಲಿನಿಂದ ತೆಗೆದು ತಲೆಯಲ್ಲಿಟ್ಟು ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ ಮತ್ತೆ ಪ್ರಯತ್ನಿಸಿ.

## ಗೋಡೆ

ನಮ್ಮ ಗೋಡೆ ಎಂಥದ್ದು ಅಂತ ಹೇಗೆ ತಿಳ್ಕೊಳ್ಳೋದು?

ಬಿಟ್ಟಿನಿಂದ ಉದುರುವ ಪುಡಿ ಹೇಳುತ್ತದೆ. ಕಪಾಟಿನ ಹಿಂದೆಯೋ, ಪಟ ಮುಚ್ಚುವ ಜಾಗದಲ್ಲೋ, ಸುತ್ತಿಗೆ ಗುರುತು ಇಲ್ಲದೆ ಬರೀ ಡ್ರಿಲ್ ಗುರುತಿನಲ್ಲಿ ಒಂದು ತೂತು ಶುರುಮಾಡಿ. ಮೊದಲ 12–15 ಎಂಎಂ ಗಿಲಾವು, ಬೂದು ಮರಳು ಪುಡಿ. ಅದಾದ ಮೇಲೆ ಬರುವುದನ್ನು ನೋಡಿ.

ಕೆಂಪು ಪುಡಿ ಸರಾಗವಾಗಿ ಬಂದರೆ ಇಟ್ಟಿಗೆ. ಪುಟ್ಟ ಡ್ರಿಲ್ಲಿಗೆ ಇದಕ್ಕಿಂತ ಒಳ್ಳೆಯ ಗೋಡೆ ಇಲ್ಲ. ಬೂದು ಪುಡಿ, ದಪ್ಪ ಕಾಳು, ಸ್ವಲ್ಪ ತಡೆ: ಸಿಮೆಂಟ್ ಸಾಲಿಡ್ ಬ್ಲಾಕು. ಸುತ್ತಿಗೆ ಗುರುತಿಗೆ ಹಾಕಿದರೆ ಸಾಗುತ್ತದೆ. ಇದ್ದಕ್ಕಿದ್ದಂತೆ ತಡೆಯೇ ಇಲ್ಲದೆ ಬಿಟ್ಟು ಒಳಗೆ ಧುಮುಕಿದರೆ ಹಾಲೋ ಬ್ಲಾಕು. ಸುತ್ತಿಗೆ ಗುರುತು ಬೇಡ, ಬರೀ ಡ್ರಿಲ್ ಗುರುತಿನಲ್ಲೇ ಇರಿ, ಇಲ್ಲವಾದರೆ ಒಳಬದಿ ಚಕ್ಕೆ ಏಳುತ್ತದೆ. ಹಗುರವಾದ ಬಿಳಿ ಪುಡಿ ಹಿಟ್ಟಿನಂತೆ ಸುರಿದರೆ ಎಎಸಿ ಬ್ಲಾಕು, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕು. ಅಲ್ಲಿಯೂ ಸುತ್ತಿಗೆ ಬೇಡ, ಅದಕ್ಕೆಂದೇ ಬರುವ ಪ್ಲಗ್ ಹಾಕಿ. ಬೂದು ಪುಡಿ ಚಿಟಿಕೆಯಷ್ಟೇ ಬಂದು ಬಿಟ್ಟು ಬಿಸಿಯಾದರೆ ಆರ್‌ಸಿಸಿ, ಅಂದರೆ ಒಳಗೆ ಸರಳು ಇರುವ ಕಾಂಕ್ರೀಟು. ಬಿಳಿ ಬೂದು ನುಣ್ಣನೆ ಪುಡಿ, ನಡುವೆ ಮಿಂಚುವ ಚೂರು, ಮುಂದಕ್ಕೆ ಹೋಗುವುದೇ ಇಲ್ಲ ಎಂದರೆ ಕಲ್ಲು. ಕಂದು ಮಣ್ಣು ಸುರಿದು ತೂತಿನ ಬಾಯಿ ಅಗಲವಾಗುತ್ತಾ ಹೋದರೆ ಮಣ್ಣಿನ ಗೋಡೆ.

ಕರ್ಟನ್ ರಾಡಿಗೆ ಕಿಟಕಿ ಮೇಲೆ ಕೊರೆದ್ರೆ ಅರ್ಧ ಇಂಚಿಗೆ ನಿಂತುಬಿಡ್ತದೆ. ಯಾಕ್ರೀ? ಬೇರೆ ಗೋಡೇಲಿ ಚೆನ್ನಾಗೇ ಹೋಗ್ತದೆ.

ನೀವು ಕೊರೆಯುತ್ತಿರುವುದು ಲಿಂಟಲ್ಲನ್ನು. ಬಾಗಿಲು, ಕಿಟಕಿಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ 6 ಇಂಚು ಎತ್ತರದ ಕಾಂಕ್ರೀಟ್ ಪಟ್ಟಿ ಇರುತ್ತದೆ, ಅದರೊಳಗೆ ಕಬ್ಬಿಣದ ಸರಳು. ಎಷ್ಟೋ ಮನೆಗಳಲ್ಲಿ ಈ ಪಟ್ಟಿ ಮನೆಯ ಸುತ್ತಲೂ 7 ಅಡಿ ಎತ್ತರದಲ್ಲಿ ಓಡುತ್ತದೆ. ಗಿಲಾವು ಮುಗಿದು ಕಾಂಕ್ರೀಟ್ ತಾಗಿದ ಕೂಡಲೇ ಡ್ರಿಲ್ ನಿಲ್ಲುತ್ತದೆ. ಇನ್ನೂ ಒತ್ತಿದರೆ ಕಾರ್ಬೈಡ್ ತುದಿ ಕಾದು ಕಳಚಿಬೀಳುತ್ತದೆ, ಮೋಟಾರ್ ವಾಸನೆ ಬರುತ್ತದೆ, ತೂತು ಹಾಗೇ ಇರುತ್ತದೆ.

ಮೂರು ದಾರಿಗಳಿವೆ. ಮೊದಲನೆಯದು, ಕಿಟಕಿಯ ಮೇಲಂಚಿನಿಂದ 8 ಇಂಚು ಮೇಲಕ್ಕೆ ಬ್ರಾಕೆಟ್ ಸರಿಸುವುದು. ಲಿಂಟಲ್ ದಾಟಿ ಇಟ್ಟಿಗೆ ಸಿಗುತ್ತದೆ, ಪರದೆಯೂ ಎತ್ತರದಿಂದ ಇಳಿದು ಚೆನ್ನಾಗಿ ಕಾಣುತ್ತದೆ. ಪರದೆ ಬಟ್ಟೆ ಕೊಳ್ಳುವ ಮೊದಲೇ ಇದನ್ನು ನಿರ್ಧರಿಸಿದರೆ ಉದ್ದ ಸರಿಹೋಗುತ್ತದೆ. ಎರಡನೆಯದು, ಮರದ ಚೌಕಟ್ಟಿಗೇ ಬ್ರಾಕೆಟ್ ಕೂರಿಸುವುದು. ಮೂರನೆಯದು, ಎಸ್‌ಡಿಎಸ್ ಹ್ಯಾಮರ್ ಇರುವ ಎಲೆಕ್ಟ್ರಿಷಿಯನ್ ಅಥವಾ ಪ್ಲಂಬರನ್ನು ಕರೆಸಿ ಮನೆಯ ಎಲ್ಲ ಕಿಟಕಿಗಳ ತೂತುಗಳನ್ನೂ ಒಂದೇ ದಿನ ಹಾಕಿಸಿಕೊಳ್ಳುವುದು. ನೀವು ಪೆನ್ಸಿಲ್ ಗುರುತು ಮಾಡಿಟ್ಟಿದ್ದರೆ ಅದು ಅರ್ಧ ಗಂಟೆಯ ಕೆಲಸ. ಪ್ಲಗ್ ಮತ್ತು ಸ್ಕ್ರೂ ನಿಮ್ಮ ಪುಟ್ಟ ಡ್ರಿಲ್ಲಿನಿಂದಲೇ ಹಾಕಿ.

ಹ್ಯಾಮರಿನಲ್ಲೂ ಲೋಹ ತಾಗಿದ ಸದ್ದು ಬಂದರೆ ಅದು ಸರಳು. ಕತ್ತರಿಸಲು ಹೋಗದೆ 25–30 ಎಂಎಂ ಪಕ್ಕಕ್ಕೆ ಸರಿಯಿರಿ.

ಪ್ಲಗ್ ಹಾಕಿದ್ರೂ ಸ್ಕ್ರೂ ಜೊತೆಗೇ ತಿರುಗ್ತಾ ಹೊರಗೆ ಬರ್ತದೆ.

ಮೂರು ಕಾರಣ ಇರಬಹುದು: ತೂತು ದೊಡ್ಡದಾಗಿದೆ, ಒಳಗೆ ಪುಡಿ ಉಳಿದಿದೆ, ಅಥವಾ ಪ್ಲಗ್ ಗಿಲಾವಿನಲ್ಲೇ ಕೂತಿದೆ.

6 ಎಂಎಂ ಪ್ಲಗ್ಗಿಗೆ 6 ಎಂಎಂ ಬಿಟ್ಟು, ಸ್ಕ್ರೂ 8 ಅಥವಾ 10 ನಂಬರ್. 8 ಎಂಎಂ ಪ್ಲಗ್ಗಿಗೆ 8 ಎಂಎಂ ಬಿಟ್ಟು, ಸ್ಕ್ರೂ 5–6 ಎಂಎಂ ದಪ್ಪದ್ದು. ಪ್ಲಗ್ಗಿನ ಉದ್ದಕ್ಕೆ ಗಿಲಾವಿನ ದಪ್ಪ ಮತ್ತು 10 ಎಂಎಂ ಕೂಡಿಸಿ ಅಷ್ಟು ಆಳ ಕೊರೆಯಿರಿ. ಬಿಟ್ಟಿಗೆ ಆ ಅಳತೆಯಲ್ಲಿ ಇನ್ಸುಲೇಷನ್ ಟೇಪ್ ಸುತ್ತಿದರೆ ಆಳ ತಪ್ಪುವುದಿಲ್ಲ. ಶುರುವಿನಲ್ಲಿ ಸುತ್ತಿಗೆ ಗುರುತು ಇಲ್ಲದೆ ಮೆಲ್ಲಗೆ 5 ಎಂಎಂ ಗುಳಿ ಮಾಡಿ, ಆಮೇಲೆ ಸುತ್ತಿಗೆ ಹಾಕಿ. ಹೀಗೆ ಮಾಡಿದರೆ ಬಿಟ್ಟು ಜಾರುವುದಿಲ್ಲ, ಬಾಯಿ ಅಗಲವಾಗುವುದಿಲ್ಲ. ಎರಡು ಮೂರು ಸಲ ಬಿಟ್ಟನ್ನು ಹಿಂದಕ್ಕೆಳೆದು ಪುಡಿ ಹೊರಹಾಕಿ, ಕೊನೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಿದರೆ ಪುಡಿ ಕಣ್ಣಿಗೇ ಬರುತ್ತದೆ.

ಪ್ಲಗ್ಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗಿಲಾವು ದಾಟಿಸಿ ಇಟ್ಟಿಗೆಯೊಳಗೆ ಕೂರಿಸಿ. ಸ್ಕ್ರೂ 50 ಎಂಎಂ ಇರಲಿ. ಈಗಾಗಲೇ ಸಡಿಲವಾದ 6 ಎಂಎಂ ತೂತನ್ನು 8ಕ್ಕೆ ಹಿಗ್ಗಿಸಿ ಹೊಸ ಪ್ಲಗ್ ಹಾಕಿ. ಬೆಂಕಿಕಡ್ಡಿ ತುರುಕುವುದು ಪಟಕ್ಕೆ ನಡೆದೀತು, ಪಾತ್ರೆ ಸ್ಟ್ಯಾಂಡಿಗೆ ನಡೆಯುವುದಿಲ್ಲ.

ಒಳಗೆ ವೈರು, ಪೈಪು ಇದ್ರೆ ಹೆಂಗೆ ಗೊತ್ತಾಗ್ತದೆ?

ಸ್ವಿಚ್‌ಬೋರ್ಡಿನ ನೇರ ಮೇಲೆ ತಾರಸಿಯವರೆಗೂ ವೈರಿನ ಪೈಪ್ ಇದೆ ಎಂದೇ ತಿಳಿಯಿರಿ. ಬೋರ್ಡಿನಿಂದ ಬೋರ್ಡಿಗೆ ಅಡ್ಡಲಾಗಿಯೂ, ಕೆಳಗಿನ ಪ್ಲಗ್ ಪಾಯಿಂಟಿಗೆ ಇಳಿಯುವಂತೆಯೂ ಇರಬಹುದು. ಆ ಸಾಲಿನ ಎರಡೂ ಬದಿ 6 ಇಂಚು ಬಿಡಿ. ನಲ್ಲಿಯ ಮೇಲೆ ಕೆಳಗೆ, ಗೀಜರಿನ ಕೆಳಗೆ, ಬಚ್ಚಲಿನ ಗೋಡೆಯ ಹಿಂಬದಿಯಲ್ಲೂ ಇದೇ ನಿಯಮ. ಸಂಶಯವಿದ್ದರೆ ಆ ಕೋಣೆಯ ಎಂಸಿಬಿ ಇಳಿಸಿ ಕೊರೆಯಿರಿ. ಡ್ರಿಲ್ಲಿಗೆ ಬ್ಯಾಟರಿ ಇರುವುದರಿಂದ ಕೆಲಸ ನಿಲ್ಲುವುದಿಲ್ಲ, ಬ್ಯಾಟರಿ ಡ್ರಿಲ್ಲಿನ ದೊಡ್ಡ ಅನುಕೂಲವೇ ಇದು. ಮನೆ ಕಟ್ಟುತ್ತಿರುವವರು ಗಿಲಾವು ಬೀಳುವ ಮೊದಲು ಪ್ರತಿ ಗೋಡೆಯ ಫೋಟೋವನ್ನು ಅಳತೆಪಟ್ಟಿ ಇಟ್ಟು ತೆಗೆದಿಡಿ.

ಬಾತ್‌ರೂಂ ಟೈಲ್ಸ್ ಒಡೆಯದ ಹಾಗೆ ತೂತು ಹಾಕೋದು ಹೇಗೆ?

ಟೈಲ್ಸ್ ದಾಟುವವರೆಗೆ ಸುತ್ತಿಗೆ ಗುರುತು ಮುಟ್ಟಲೇಬೇಡಿ. ಭಲ್ಲೆಯ ತುದಿಯಂತಿರುವ ಗಾಜು–ಟೈಲ್ಸ್ ಬಿಟ್ಟು ಕೊಳ್ಳಿ. ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. ಟೈಲ್ಸಿನ ಅಂಚಿನಿಂದ ಒಂದು ಇಂಚಾದರೂ ಒಳಗಿರಲಿ. 1ನೇ ಗೇರು, ಹದವಾದ ಒತ್ತು, ಅರ್ಧ ನಿಮಿಷಕ್ಕೊಮ್ಮೆ ಸ್ಪಂಜಿನಿಂದ ನೀರು. ನೀರು ತೂತಿಗೆ ಸಾಕು, ಡ್ರಿಲ್ಲಿಗೆ ತಾಗಬಾರದು. ಟೈಲ್ಸ್ ದಾಟಿದ ಮೇಲೆ ಬಿಟ್ಟು ಬದಲಾಯಿಸಿ, ಮೇಸನ್ರಿ ಬಿಟ್ಟಿನಿಂದ ಉಳಿದ ಆಳ ಕೊರೆಯಿರಿ. ಪ್ಲಗ್ಗಿನ ಬಾಯಿ ಟೈಲ್ಸಿನೊಳಗೆ ಉಳಿಯದೆ ಹಿಂದಕ್ಕೆ ಸರಿಯಲಿ. ಟೈಲ್ಸಿನೊಳಗೆ ಹಿಗ್ಗಿದರೆ ಇಂದು ಒಡೆಯದ್ದು ನಾಳೆ ಬಿರಿಯುತ್ತದೆ.

ಮಾಮೂಲಿ ಸೆರಾಮಿಕ್ ಟೈಲ್ಸಿಗೆ ಈ ಕ್ರಮ ಸಾಕು. ವಿಟ್ರಿಫೈಡ್ ಟೈಲ್ಸ್ ಬಹಳ ಗಡಸು, ಅದಕ್ಕೆ ಡೈಮಂಡ್ ಬಿಟ್ಟೇ ಬೇಕು. ಸಂದಿಯ ಸಿಮೆಂಟಿನಲ್ಲಿ ತೂತು ಸಿಗುವಂತೆ ಬ್ರಾಕೆಟ್ ಇಟ್ಟರೆ ಸುಲಭ ಎಂದು ಕೆಲವರು ಹೇಳುತ್ತಾರೆ. ಸಂದಿ ಕಿರಿದಾಗಿದ್ದರೆ ಎರಡು ಟೈಲ್ಸಿನ ಅಂಚೂ ಚಕ್ಕೆ ಏಳುತ್ತದೆ, ಹಾಗೆ ಮಾಡದಿರುವುದೇ ಮೇಲು.

ನಮ್ದು ಹಳೇ ಮನೆ. ಮುಂದಿನ ಗೋಡೆ ಸೈಜುಗಲ್ಲು, ಒಳಗೆ ಮಣ್ಣು. ಇಲ್ಲಿ ಇದು ನಡೀತದಾ?

ದುರ್ಗದ ಸುತ್ತಲಿನ ಗ್ರಾನೈಟ್ ಜಾತಿಯ ಕಲ್ಲಿಗೆ ಪುಟ್ಟ ಡ್ರಿಲ್ ಹಿಡಿಯಬೇಡಿ. ಕಲ್ಲನ್ನು ಬಿಟ್ಟು ಕಲ್ಲುಗಳ ನಡುವಿನ ಸಂದಿಯಲ್ಲಿ ಕೊರೆಯಿರಿ. ಸಂದಿಯಲ್ಲಿ ಸಿಮೆಂಟ್ ಗಾರೆ ಗಟ್ಟಿಯಾಗಿದ್ದರೆ 8 ಎಂಎಂ ಪ್ಲಗ್ ಹಿಡಿಯುತ್ತದೆ. ಸುಣ್ಣದ ಅಥವಾ ಮಣ್ಣಿನ ಗಾರೆಯಾದರೆ ಭಾರ ಹಾಕಬೇಡಿ.

ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಅದು ಹಿಗ್ಗಿದಷ್ಟೂ ಮಣ್ಣು ಪುಡಿಯಾಗುತ್ತದೆ. ಹಿಂದಿನವರು ಗೂಟ ಹೊಡೆಯುತ್ತಿದ್ದದ್ದು ಸರಿಯಾದ ಕ್ರಮವೇ. 12 ಎಂಎಂ ತೂತನ್ನು 4 ಇಂಚು ಆಳ, ತುಸು ಕೆಳಮುಖವಾಗಿ ಕೊರೆದು, ಒಣಗಿದ ಗಟ್ಟಿ ಮರದ ಗೂಟವನ್ನು ಬಿಗಿಯಾಗಿ ಹೊಡೆದು, ಆ ಗೂಟಕ್ಕೆ ಸ್ಕ್ರೂ ಹಾಕಿ. 10 ಎಂಎಂ ಚಕ್ಕಿಗೆ ಹಿಡಿ ಸಣ್ಣಗಿರುವ 12 ಎಂಎಂ ಬಿಟ್ಟು ಬೇಕು. ಒಂದೊಂದು ಕೊಂಡಿಗೂ ಗೂಟ ಹೊಡೆಯುವ ಬದಲು ಎರಡು ಗೂಟಕ್ಕೆ 4 ಇಂಚು ಅಗಲದ ಮರದ ಪಟ್ಟಿ ಕೂರಿಸಿ, ಕೊಂಡಿಗಳನ್ನೆಲ್ಲ ಆ ಪಟ್ಟಿಗೆ ಹಾಕಿದರೆ ಗೋಡೆ ಉಳಿಯುತ್ತದೆ. ಭಾರದ ಕಪಾಟಿಗೆ ನೆಲದ ಮೇಲೆ ಕಾಲು ಕೊಡಿ.

ಕಡಪ ಕಲ್ಲಿನ ಶೆಲ್ಫಿಗೆ, ಅಡುಗೆಮನೆ ಗ್ರಾನೈಟಿಗೆ?

ಕಡಪ ಕಲ್ಲಿಗೆ ಸುತ್ತಿಗೆ ಇಲ್ಲದೆ, ಅಂಚಿನಿಂದ 2 ಇಂಚು ಒಳಗೆ, ನೀರು ಹಾಕುತ್ತಾ 6 ಎಂಎಂವರೆಗೆ ಮೆಲ್ಲಗೆ ಹಾಕಬಹುದು. ಕೆಳಗೆ ಮರದ ತುಂಡು ಆನಿಸಿ. ಗ್ರಾನೈಟ್ ಕಟ್ಟೆಯಲ್ಲಿ ನಲ್ಲಿಗೆ ಬೇಕಾದ 35 ಎಂಎಂ ತೂತು ಗ್ರಾನೈಟ್ ಕೆಲಸದವರ ಡೈಮಂಡ್ ಕೋರ್ ಮೆಷಿನ್ನಿಗೆ ಬಿಟ್ಟದ್ದು.

ಜೋಕಾಲಿಗೆ ತಾರಸೀಲಿ ಕೊಂಡಿ ಹಾಕಬಹುದಾ? ಗೀಜರ್, ಟಿವಿ?

ಜೋಕಾಲಿ, ಫ್ಯಾನಿನ ಕೊಂಡಿ ಬೇಡ. ತಾರಸಿ ಕಾಂಕ್ರೀಟು, ಭಾರ ಅಲ್ಲಾಡುತ್ತಿರುತ್ತದೆ, ಕೆಳಗೆ ಮಕ್ಕಳಿರುತ್ತಾರೆ. ಅದು ಎಸ್‌ಡಿಎಸ್ ಹ್ಯಾಮರ್, ತೂತಿನೊಳಗೆ ಹಿಗ್ಗಿ ಕಚ್ಚುವ ಲೋಹದ ಆಂಕರ್ ಬೋಲ್ಟ್ ಮತ್ತು ಅನುಭವದ ಕೈ ಬೇಡುವ ಕೆಲಸ. 15 ಲೀಟರ್ ಗೀಜರಿನಲ್ಲಿ ನೀರೇ 15 ಕಿಲೋ, ಅದರ ಮೇಲೆ ಟ್ಯಾಂಕಿನ ತೂಕ. ಅದನ್ನೂ ಆಂಕರ್ ಬೋಲ್ಟಿನಲ್ಲೇ ಹಾಕಿಸಿ. ಗೋಡೆಗೆ ಅಂಟಿ ನಿಲ್ಲುವ 32 ಇಂಚಿನ ಟಿವಿಯನ್ನು ಇಟ್ಟಿಗೆ ಗೋಡೆಗೆ 8 ಎಂಎಂನ ನಾಲ್ಕು ಪ್ಲಗ್ಗಿನಲ್ಲಿ ನೀವೇ ಕೂರಿಸಬಹುದು. ರಸಮಟ್ಟ ಇಟ್ಟು ನೋಡಿ ಗುರುತು ಹಾಕಿ.

## ಮರ, ಲೋಹ, ತೋಟ

ಬಾಗಿಲ ಚೌಕಟ್ಟಿಗೆ ತೋರಣದ ಕೊಂಡಿ ಹಾಕೋಕೆ ಹೋದ್ರೆ ಸ್ಕ್ರೂ ಅರ್ಧಕ್ಕೇ ಮುರೀತು.

ತೇಗ, ಹೊನ್ನೆ, ಮತ್ತಿ, ಹಳೆಯ ಬೇವು ಇವಕ್ಕೆ ಮೊದಲು ಸಣ್ಣ ತೂತು ಹಾಕದೆ ಸ್ಕ್ರೂ ಇಳಿಸಬಾರದು. 8 ನಂಬರಿನ ಸ್ಕ್ರೂಗೆ ಗಟ್ಟಿ ಮರದಲ್ಲಿ 3 ಎಂಎಂ, ಮೆತ್ತನೆ ಮರದಲ್ಲಿ 2.5 ಎಂಎಂ, ಸ್ಕ್ರೂ ಉದ್ದದಷ್ಟೇ ಆಳ. ಸ್ಕ್ರೂ ಎಳೆಗೆ ಒಣ ಸೋಪು ಅಥವಾ ಮೇಣ ಸವರಿ. ಹಿತ್ತಾಳೆ ಸ್ಕ್ರೂ ಆದರೆ ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಇಳಿಸಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಕೈಯಲ್ಲಿ ತಿರುಗಿಸಿ. ಜಿಪ್ಸಂ ಹಲಗೆಗೆಂದು ಬರುವ ಕಪ್ಪು ಸ್ಕ್ರೂ ಬೇಗ ಮುರಿಯುವ ಜಾತಿ, ಹೊರಬಾಗಿಲಿಗೆ ತುಕ್ಕೂ ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಬಳಸಿ.

ಪ್ಲೈವುಡ್ ಹಿಂದೆ ಚಕ್ಕೆ ಏಳ್ತದೆ.

ಹಿಂದೆ ಬೇಡದ ಮರದ ತುಂಡನ್ನು ಕ್ಲ್ಯಾಂಪ್ ಮಾಡಿ ಅದರೊಳಗೂ ಸ್ವಲ್ಪ ಕೊರೆಯಿರಿ. ತುಂಡಿಲ್ಲದಿದ್ದರೆ ಬಿಟ್ಟಿನ ತುದಿ ಇಣುಕಿದ ಕೂಡಲೇ ನಿಲ್ಲಿಸಿ, ಹಲಗೆ ತಿರುಗಿಸಿ ಆ ಕಡೆಯಿಂದ ಪೂರೈಸಿ.

ಕಬ್ಬಿಣದ ಗೇಟಿಗೆ, ಸ್ಟೀಲ್ ಪೈಪಿಗೆ ಕೊರೆದ್ರೆ ಬಿಟ್ಟೇ ಸುಟ್ಟು ನೀಲಿಯಾಗ್ತದೆ.

ವೇಗ ಹೆಚ್ಚಾಯಿತು, ಒತ್ತು ಕಡಿಮೆಯಾಯಿತು. ಸೆಂಟರ್ ಪಂಚಿನಿಂದ ಗುಳಿ ಮಾಡಿ. 6 ಎಂಎಂ ತೂತಿಗೆ ಮೊದಲು 3 ಎಂಎಂ ಹಾಕಿ. ಮೆತ್ತನೆ ಕಬ್ಬಿಣಕ್ಕೆ 6 ಎಂಎಂ ಬಿಟ್ಟು ನಿಮಿಷಕ್ಕೆ 1000 ಸುತ್ತಿನವರೆಗೆ ತಡೆಯುತ್ತದೆ, 10 ಎಂಎಂ ಬಿಟ್ಟು 600ರವರೆಗೆ. ಸ್ಟೇನ್‌ಲೆಸ್‌ಗೆ ಇದರ ಅರ್ಧ, ಅಂದರೆ 1ನೇ ಗೇರಿನಲ್ಲೇ ಇರಿ. ಒಂದೆರಡು ಹನಿ ಎಣ್ಣೆ ಹಾಕಿ, ಮೆಷಿನ್ ಎಣ್ಣೆ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ನಡೆಯುತ್ತದೆ. ಉದ್ದನೆಯ ಸುರುಳಿ ಬರುತ್ತಿದ್ದರೆ ಸರಿ, ಪುಡಿ ಬರುತ್ತಿದ್ದರೆ ಬಿಟ್ಟು ಮೊಂಡು. ಸ್ಟೇನ್‌ಲೆಸ್ಸಿನಲ್ಲಿ ಬಿಟ್ಟು ಕೊರೆಯದೆ ಉಜ್ಜಲು ಬಿಟ್ಟರೆ ಆ ಜಾಗ ಇನ್ನಷ್ಟು ಗಡಸಾಗುತ್ತದೆ, ಆಮೇಲೆ ಹೊಸ ಬಿಟ್ಟಿಗೂ ಬಗ್ಗುವುದಿಲ್ಲ.

ತೂತು ಆಚೆ ಬೀಳುವ ಹೊತ್ತಿಗೆ ಬಿಟ್ಟು ಕಚ್ಚಿ ಡ್ರಿಲ್ ಕೈಯನ್ನು ತಿರುಚುತ್ತದೆ. ಆಗ ಒತ್ತು ಸಡಿಲಿಸಿ. ತಗಡನ್ನು ಎಂದೂ ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಟ್ಟೆಯ ಗ್ಲೌಸು, ಇಳಿಬಿಟ್ಟ ಸೆರಗು, ಹೆಗಲ ಟವೆಲ್ಲು, ಬಿಚ್ಚಿದ ಕೂದಲು ತಿರುಗುವ ಚಕ್ಕಿನ ಹತ್ತಿರ ಬರಬಾರದು.

ತೋಟದ ಡ್ರಿಪ್ ಪೈಪಿಗೆ ತೂತು ಹಾಕೋಕೆ ಆಗ್ತದಾ?

ಕರೆಂಟ್ ಇಲ್ಲದ ಅಡಿಕೆ, ದಾಳಿಂಬೆ ತೋಟದಲ್ಲಿ ಇದಕ್ಕಿಂತ ಹೊಂದುವ ಉಪಕರಣ ಸಿಗಲಿಕ್ಕಿಲ್ಲ. ಡ್ರಿಪ್ ಸಾಲುಗಳಿಗೆ ನೀರು ಹಂಚುವ ಪಿವಿಸಿ ಸಬ್‌ಮೇನ್ ಪೈಪಿಗೆ ಹಾಕುವ ತೂತು ನೀವು ಕೊಂಡ ಗ್ರಾಮೆಟ್ ರಬ್ಬರಿನ (ತೂತಿನಲ್ಲಿ ಕೂತು ಸೋರಿಕೆ ತಡೆಯುವ ಉಂಗುರ) ಅಳತೆಯದೇ ಇರಬೇಕು. ಅರ್ಧ ಎಂಎಂ ಹೆಚ್ಚಾದರೂ ಸೋರುತ್ತದೆ. ಗ್ರಾಮೆಟ್ ಕೊಳ್ಳುವಾಗಲೇ ಅದರ ಬಿಟ್ಟನ್ನೂ ಕೇಳಿ, ಹಿಡಿ 10 ಎಂಎಂ ಒಳಗಿರಲಿ. ಪೈಪಿನ ಉದ್ದಕ್ಕೂ ದಾರ ಕಟ್ಟಿ ಒಂದೇ ಗೆರೆಯಲ್ಲಿ ಗುರುತು ಹಾಕಿ, 1ನೇ ಗೇರಿನಲ್ಲಿ ಕೊರೆಯಿರಿ. ವೇಗವಾದರೆ ಪಿವಿಸಿ ಕರಗಿ ತೂತು ಅಂಕುಡೊಂಕಾಗುತ್ತದೆ. ಅಂಚಿನ ಎಳೆಗಳನ್ನು ಚಾಕುವಿನಿಂದ ಹೆರೆಯಿರಿ. ಗ್ರಾಮೆಟ್ ಕೂರಿಸುವ ಮೊದಲು ಪೈಪಿನ ಕೊನೆಯ ಮುಚ್ಚಳ ತೆಗೆದು ಒಮ್ಮೆ ನೀರು ಬಿಡಿ. ಒಳಗೆ ಬಿದ್ದ ಚೂರುಗಳು ಹೊರಹೋಗದಿದ್ದರೆ ಅವೇ ಡ್ರಿಪ್ಪರುಗಳಲ್ಲಿ ಕಟ್ಟಿಕೊಳ್ಳುತ್ತವೆ.

## ಬ್ಯಾಟರಿ

ಬೇಸಿಗೇಲಿ ಚಾರ್ಜಿಗೆ ಹಾಕಿದ್ರೆ ಲೈಟ್ ಮಿಣುಕ್ತದೆ, ಚಾರ್ಜ್ ಆಗಲ್ಲ. ಕೆಟ್ಟೋಯ್ತಾ?

ಬ್ಯಾಟರಿ ಬಿಸಿಯಾಗಿದೆ, ಚಾರ್ಜರ್ ತಡೆಹಿಡಿದಿದೆ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯೊಳಗೆ ಚಾರ್ಜ್ ಮಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40ರ ಹತ್ತಿರ ಇರುವಾಗ, ಈಗಷ್ಟೇ ಗೋಡೆ ಕೊರೆದ ಬ್ಯಾಟರಿ 45 ದಾಟಿರುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟು ಹಾಕಿ. ಫ್ರಿಜ್ಜಿನಲ್ಲಿ ಇಡಬೇಡಿ, ತೇವ ಕಟ್ಟುತ್ತದೆ. ಬಿಸಿಲಿಗೆ ನಿಂತ ಕಾರು, ಬೈಕಿನ ಡಿಕ್ಕಿ, ತಗಡಿನ ಶೆಡ್ಡು ಇವು ಬ್ಯಾಟರಿಯ ಆಯುಸ್ಸು ತಿನ್ನುವ ಜಾಗಗಳು.

ಕರೆಂಟ್ ಹೋದಾಗ ಮನೆ ಯುಪಿಎಸ್‌ನಲ್ಲಿ ಚಾರ್ಜ್ ಮಾಡಬಹುದಾ?

ಮಾಡಬಹುದು. 12 ವೋಲ್ಟಿನ ಸಾಧಾರಣ ಚಾರ್ಜರ್ 100 ವ್ಯಾಟ್ ದಾಟುವುದಿಲ್ಲ. ಸೈನ್ ವೇವ್ ಇನ್ವರ್ಟರ್ ಆದರೆ ಚಿಂತೆಯಿಲ್ಲ. ಸ್ಕ್ವೇರ್ ವೇವ್ ಆದರೆ ಚಾರ್ಜರ್ ಗುಂಯ್ ಎನ್ನುತ್ತಾ ಬಿಸಿಯಾಗಬಹುದು. ಹಾಗಾದರೆ ತೆಗೆದು, ಬೆಸ್ಕಾಂ ಕರೆಂಟ್ ಬಂದ ಮೇಲೆ ಹಾಕಿ.

ಆರು ತಿಂಗಳು ಬಳಸಲ್ಲ. ಫುಲ್ ಮಾಡಿ ಇಡ್ಲಾ?

ಅರ್ಧ ಚಾರ್ಜಿನಲ್ಲಿ, ಡ್ರಿಲ್ಲಿನಿಂದ ಬಿಡಿಸಿ, ತಂಪಾದ ಒಣ ಜಾಗದಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಸ್ವಲ್ಪ ಏರಿಸಿ. ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಸೆಲ್ಲಿನ ವೋಲ್ಟೇಜ್ ತಳ ಕಂಡು ಚಾರ್ಜರ್ ಅದನ್ನು ಒಪ್ಪಿಕೊಳ್ಳುವುದಿಲ್ಲ.

ಬ್ಯಾಟರಿ ಬೇಗ ಇಳೀತದೆ. ಸೆಲ್ ಬದಲಾಯಿಸಿ ಕೊಡ್ತೀವಿ ಅಂತಾರೆ, ಮಾಡಿಸಲಾ?

ಒಳಗಿನ 3 ಅಥವಾ 5 ಸೆಲ್ಲುಗಳಲ್ಲಿ ಒಂದು ಸೊರಗಿದರೂ ಇಡೀ ಬ್ಯಾಟರಿ ನಿಲ್ಲುತ್ತದೆ. ಬದಲಾಯಿಸುವುದಾದರೆ ಎಲ್ಲವನ್ನೂ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ಹೆಚ್ಚು ಕರೆಂಟ್ ಕೊಡುವ ಜಾತಿಯ ಸೆಲ್ಲಿನಿಂದ ಬದಲಾಯಿಸಬೇಕು. ಪವರ್‌ಬ್ಯಾಂಕಿನ ಸೆಲ್ ಇದಕ್ಕಾಗದು. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಬೇಕು. ಸೆಲ್ಲಿನ ಮೇಲೆ ನೇರ ಬೆಸುಗೆ ಹಾಕುವವರ ಹತ್ತಿರ ಕೊಡಬೇಡಿ, ಆ ಶಾಖವೇ ಸೆಲ್ಲನ್ನು ಕೆಡಿಸುತ್ತದೆ. ರಕ್ಷಣೆಯ ಸರ್ಕ್ಯೂಟನ್ನು ತೆಗೆದು ನೇರ ಜೋಡಿಸುತ್ತೇವೆ ಎಂದರೆ ಎದ್ದು ಬನ್ನಿ, ಅದು ಬೆಂಕಿಗೆ ದಾರಿ. ಕಂಪನಿಯ ಹೊಸ ಬ್ಯಾಟರಿ ಸಿಗುವ ಡ್ರಿಲ್ಲಾದರೆ ಅದನ್ನೇ ಕೊಳ್ಳಿ ಎಂಬುದು ನಮ್ಮ ಅಭಿಪ್ರಾಯ.

## ನಿಗಾ, ರಿಪೇರಿ

ಆಯುಧಪೂಜೇಲಿ ಇದಕ್ಕೂ ಪೂಜೆ ಮಾಡ್ತೀವಿ. ಏನಾದ್ರೂ ಜೋಪಾನ ಬೇಕಾ?

ಬ್ಯಾಟರಿ ಬಿಡಿಸಿ ಪಕ್ಕಕ್ಕಿಡಿ. ಅರಿಶಿನ, ಕುಂಕುಮ, ವಿಭೂತಿಯನ್ನು ಹಿಡಿಯ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಹಚ್ಚಿ. ಪಕ್ಕದ ಗಾಳಿಕಂಡಿ, ಚಕ್ಕಿನ ಬಾಯಿ, ಬ್ಯಾಟರಿ ಕೂರುವ ಲೋಹದ ಪಟ್ಟಿಗಳಿಗೆ ಪುಡಿಯಾಗಲಿ ನೀರಾಗಲಿ ಬೇಡ. ಹಿಂದಿನ ದಿನ ಒಣ ಬ್ರಷ್ಷಿನಿಂದ ಗಾಳಿಕಂಡಿಯ ಧೂಳು ತೆಗೆದು ಒರೆಸಿಟ್ಟರೆ ವರ್ಷದ ನಿಗಾ ಅಲ್ಲಿಗೆ ಮುಗಿಯಿತು.

ಬಿಟ್ ಜಾರ್ತದೆ, ಅಲ್ಲಾಡ್ತದೆ. ಚಕ್ ಬದಲಾಯಿಸಬೇಕಾ?

ಮೊದಲು ಬಿಟ್ಟು ಚಕ್ಕಿನ ಮೂರು ಹಲ್ಲುಗಳ ನಟ್ಟನಡುವೆ ಕೂತಿದೆಯೇ ನೋಡಿ. ಸಣ್ಣ ಬಿಟ್ಟು ಎರಡು ಹಲ್ಲಿನ ನಡುವೆ ಸಿಕ್ಕಿಕೊಂಡಿದ್ದರೆ ಕುಣಿಯುತ್ತದೆ. ಬಿಟ್ಟನ್ನು ಮೇಜಿನ ಮೇಲೆ ಉರುಳಿಸಿ, ಬಾಗಿದ್ದರೆ ಅದೇ ದೋಷ. ಚಕ್ಕನ್ನು ಕೆಳಮುಖ ಮಾಡಿ ಬಾಯಿ ತೆರೆದು ತಟ್ಟಿ, ಇಟ್ಟಿಗೆ ಪುಡಿ ಉದುರುತ್ತದೆ.

ನಿಜಕ್ಕೂ ಸವೆದಿದ್ದರೆ ಬದಲಾಯಿಸಬಹುದು. ಬ್ಯಾಟರಿ ತೆಗೆದು, ಹಲ್ಲುಗಳನ್ನು ಪೂರ್ತಿ ತೆರೆದು ತಳದಲ್ಲಿ ನೋಡಿ: ಬಹಳಷ್ಟು ಮಾದರಿಗಳಲ್ಲಿ ಅಲ್ಲೊಂದು ಸ್ಕ್ರೂ ಇರುತ್ತದೆ. ಅದರದ್ದು ಎಡಗೈ ಎಳೆ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೆ ದಪ್ಪ ಎಲ್ ಕೀಲಿ ಕಚ್ಚಿಸಿ, ಚಕ್ಕನ್ನು ಎಂದಿನಂತೆ ಎಡಕ್ಕೆ ಬಿಚ್ಚಿ. ಈ ಎಳೆಯ ದಿಕ್ಕು ತಿಳಿಯದೆ ಬಲ ಹಾಕಿ ಸ್ಕ್ರೂ ಮುರಿದುಕೊಂಡವರೇ ಹೆಚ್ಚು.

ಹಿಂದೆ ಕಿಡಿ ಕಾಣ್ತದೆ, ಸುಟ್ಟ ವಾಸನೆ ಬರ್ತದೆ.

ಬ್ರಷ್ ಇರುವ ಮೋಟಾರಿನಲ್ಲಿ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಉರಿಯುವ ಹಳದಿ ಕಿಡಿ, ಜೊತೆಗೆ ಬಲ ಕುಂದಿದ್ದರೆ ಬ್ರಷ್ ಸವೆದಿದೆ ಎಂದರ್ಥ, ಸರ್ವಿಸಿಗೆ ಕೊಡಿ. ಕೆಲಸದ ನಡುವೆ ವಾಸನೆ ಬಂದರೆ ತಕ್ಷಣ ಬಿಟ್ಟನ್ನು ಹೊರತೆಗೆದು, ಭಾರವಿಲ್ಲದೆ 2ನೇ ಗೇರಿನಲ್ಲಿ ಒಂದು ನಿಮಿಷ ಓಡಿಸಿ. ಒಳಗಿನ ಫ್ಯಾನು ಮೋಟಾರನ್ನು ತಣಿಸುತ್ತದೆ. ಹಾಗೇ ನಿಲ್ಲಿಸಿದರೆ ಶಾಖ ಒಳಗೇ ಉಳಿಯುತ್ತದೆ.

ಉಬ್ಬಿದ ಹಳೇ ಬ್ಯಾಟರಿ ಏನು ಮಾಡೋದು? ಕಸದ ಗಾಡಿಗೆ ಹಾಕಬಹುದಾ?

ಹಾಕಬಾರದು. ಗಾಡಿಯಲ್ಲಿ ಅದುಮಿದಾಗ ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ. ಉಬ್ಬಿದ್ದು, ನೀರಲ್ಲಿ ಬಿದ್ದದ್ದು, ಬಿರುಕು ಬಿಟ್ಟದ್ದು ಇವನ್ನು ಮತ್ತೆ ಚಾರ್ಜಿಗೂ ಹಾಕಬೇಡಿ. ಲೋಹದ ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಮಣ್ಣಿನ ಅಥವಾ ಲೋಹದ ಡಬ್ಬಿಯಲ್ಲಿ ಮನೆಯ ಹೊರಗೆ ನೆರಳಿನಲ್ಲಿಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದು. ಕೊಂಡ ಅಂಗಡಿಗೋ ಕಂಪನಿಯ ಸರ್ವಿಸ್ ಸೆಂಟರಿಗೋ ಒಯ್ದು ಕೊಡಿ, ತೆಗೆದುಕೊಳ್ಳಲು ಹಿಂಜರಿದರೆ ಈ ನಿಯಮದ ಹೆಸರು ಹೇಳಿ.